ದುರಂತದ ನಂತರ ಹತ್ತು ಜನ ಸುತ್ತ ಕೂತರೆ ಏನಾಗುತ್ತದೆ

2019ರ ಆಗಸ್ಟ್. ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಮಲಪ್ರಭೆ ಉಕ್ಕಿ ನರಗುಂದ, ರೋಣ ತಾಲ್ಲೂಕುಗಳ ಹೊಳೆದಂಡೆಯ ಊರುಗಳಿಗೆ ನುಗ್ಗಿತ್ತು. ನಾವು ಐದಾರು ಜನ ಧಾರವಾಡದಿಂದ ಒಂದು ಟಾಟಾ ಏಸ್ ಗಾಡಿಯಲ್ಲಿ ಚಾದರ, ಬಿಸ್ಕಿಟ್, ಮೇಣದಬತ್ತಿ ತುಂಬಿಕೊಂಡು ನರಗುಂದದ ಕಡೆ ಹೋಗಿದ್ದೆವು. ಒಂದು ಶಾಲೆಯಲ್ಲಿ ಗಂಜಿ ಕೇಂದ್ರ ತೆರೆದಿದ್ದರು. ಸರಕಾರದ ಕಾಗದದಲ್ಲಿ ಅದಕ್ಕೆ ಕಾಳಜಿ ಕೇಂದ್ರ ಅಂತ ಹೆಸರು. ಜನ ಈಗಲೂ ಗಂಜಿ ಕೇಂದ್ರ ಅಂತಲೇ ಅನ್ನುತ್ತಾರೆ.

ವರಾಂಡದಲ್ಲಿ ಒಬ್ಬ ಆಯಿ ಗೋಡೆಗೆ ಒರಗಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, ಬಹಳ ಕಾಳಜಿಯಿಂದಲೇ, "ಏನಾತ್ರೀ ಆಯಿ ಅವತ್ತ ರಾತ್ರಿ? ಹೇಳ್ರಿ, ಹಗುರ ಆಗತೈತಿ" ಅಂದೆ. ಆಕೆ ನನ್ನ ಮುಖ ನೋಡಿದಳು.

"ಯಪ್ಪಾ, ನಿನ್ನೆ ಕಾಲೇಜ್ ಹುಡುಗೂರು ಬಂದಿದ್ರು, ಅವ್ರಿಗೂ ಹೇಳೇನಿ. ಮುಂಜಾನೆ ಟೀವಿಯವ್ರು ಬಂದಿದ್ರು, ಅವ್ರಿಗೂ ಹೇಳೇನಿ. ನಿನಗೂ ಹೇಳ್ತೇನಿ ಬಿಡು. ಆದ್ರ ನನ್ನ ಎಮ್ಮಿ ಎಲ್ಲಿ ಹೋತು ಅಂತ ಯಾರರ ಒಬ್ರು ನೋಡ್ಕೊಂಡ ಬರ್ರಲಾ."

ಆಮೇಲೆ ಎಲ್ಲ ಹೇಳಿದಳು. ಎಷ್ಟು ಹೊತ್ತಿಗೆ ನೀರು ಬಂತು, ಯಾರು ಕೈ ಹಿಡಿದು ಎಳೆದರು, ಎಲ್ಲಿ ಚಪ್ಪಲಿ ಹೋಯಿತು. ಬಾಯಿಪಾಠ ಒಪ್ಪಿಸಿದ ಹಾಗೆ. ನಾನು ಕೇಳಿಸಿಕೊಂಡೆ, ತಲೆಯಾಡಿಸಿದೆ, ಎದ್ದು ಬಂದೆ. ಎಮ್ಮೆ ಹುಡುಕಲಿಲ್ಲ.

ನಾನು ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. "ಹೇಳಿಕೊಂಡರೆ ಹಗುರಾಗುತ್ತದೆ" ಅನ್ನುವ ಮಾತನ್ನು ನಂಬಿದ್ದೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಯಾವಾಗ ಹೇಳುವುದು, ಯಾರ ಮುಂದೆ ಹೇಳುವುದು, ಹೇಳಲೇಬೇಕಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಈ ವಿಷಯದಲ್ಲಿ ನನ್ನಂಥ ಹವ್ಯಾಸಿಗಳಷ್ಟೇ ಅಲ್ಲ, ಓದಿದ ತಜ್ಞರೂ ಎಡವಿದ್ದಾರೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಮೈಗೆ ಏನಾಗುತ್ತದೆ ನೋಡೋಣ. ಪ್ರವಾಹ, ಅಪಘಾತ, ಕಟ್ಟಡ ಕುಸಿತ, ಬೆಂಕಿ, ಯಾವುದೇ ಇರಲಿ. ಜೀವಕ್ಕೆ ಕುತ್ತು ಬಂದಾಗ ಮೆದುಳಿನೊಳಗೆ ಬಾದಾಮಿ ಆಕಾರದ ಅಮಿಗ್ಡಲಾ ಅನ್ನುವ ಸಣ್ಣ ಭಾಗ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಹರಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕಾಲಿಗೆ ಓಡುವ ಬಲ ಬರುತ್ತದೆ. ಆ ಹೊತ್ತಿನಲ್ಲಿ ನೆನಪು ಕ್ರಮವಾಗಿ ದಾಖಲಾಗುವುದಿಲ್ಲ. ಒಂದು ಸದ್ದು, ಒಂದು ವಾಸನೆ, ಒಂದು ಕೈಯ ಚಿತ್ರ, ಹೀಗೆ ಚೂರು ಚೂರಾಗಿ ಉಳಿಯುತ್ತದೆ. ಆ ಚೂರುಗಳಿಗೆ "ಇದು ಆಗಿ ಮುಗಿದದ್ದು" ಅನ್ನುವ ತಾರೀಖು ಇರುವುದಿಲ್ಲ. ಅದಕ್ಕೇ ತಿಂಗಳಾದ ಮೇಲೂ ತಗಡಿನ ಮೇಲೆ ಮಳೆ ಬಿದ್ದ ಸದ್ದಿಗೆ ಎದೆ ಝಲ್ ಅನ್ನುತ್ತದೆ. ಬೈಪಾಸಿನಲ್ಲಿ ಲಾರಿ ಬ್ರೇಕ್ ಹಾಕಿದ ಸದ್ದಿಗೆ ಮನೆಯೊಳಗೆ ಮಲಗಿದವರು ಎದ್ದು ಕೂರುತ್ತಾರೆ.

ನಮ್ಮ ಕಡೆ ಇದಕ್ಕೆ ಮಾತುಗಳು ಮೊದಲಿಂದಲೂ ಇವೆ. "ಅಂಜಿಕಿ ಹೊಕ್ಕೈತಿ", "ಮನಸ್ಸಿಗೆ ಹಚ್ಚಿಕೊಂಡಾಳ", "ಎದಿ ಒಡದೈತಿ". ಆಘಾತ ಮುಗಿದ ಮೇಲೂ ಬಿಡದೆ ಕಾಡುವ ಈ ಕಾಯಿಲೆಗೆ ಇಂಗ್ಲಿಷಿನ ಪಿಟಿಎಸ್‌ಡಿ ಅನ್ನುವ ಹೆಸರು ವೈದ್ಯರ ಪುಸ್ತಕಕ್ಕೆ ಸೇರಿದ್ದು 1980ರಲ್ಲಿ. ಅದೂ ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಜಗಳಾಡಿ ಪಡೆದ ಹೆಸರು. ಆ ಸೈನಿಕರು 1970ರ ಹೊತ್ತಿಗೆ ನ್ಯೂಯಾರ್ಕಿನಲ್ಲಿ ವಾರಕ್ಕೊಮ್ಮೆ ತಾವೇ ಸೇರಿ ಕೂರತೊಡಗಿದ್ದರು. ಆಸ್ಪತ್ರೆಯವರ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಇಬ್ಬರು ಮನೋವೈದ್ಯರನ್ನು ಅವರೇ ಕರೆಸಿಕೊಂಡರು, ಮೇಲೆ ಕೂರುವುದಕ್ಕಲ್ಲ, ಜೊತೆಗೆ ಕೂರುವುದಕ್ಕೆ. ಕಾಯಿಲೆಯ ಹೆಸರಿಗಿಂತ ಗುಂಪೇ ಮೊದಲು ಹುಟ್ಟಿತು ಅನ್ನಬಹುದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದನ್ನು ಬಿಟ್ಟರೆ ಮುಂದಿನದ್ದೆಲ್ಲ ತಪ್ಪು ಅರ್ಥ ಕೊಡುತ್ತದೆ. ಭಯಂಕರ ಘಟನೆ ಕಂಡವರೆಲ್ಲ ಮಾನಸಿಕ ರೋಗಿಗಳಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಜಗತ್ತಿನ ಸುಮಾರು 70% ಜನ ಬದುಕಿನಲ್ಲಿ ಒಮ್ಮೆಯಾದರೂ ಇಂಥದ್ದನ್ನು ನೋಡುತ್ತಾರೆ. ಅವರಲ್ಲಿ ಪಿಟಿಎಸ್‌ಡಿ ಆಗುವುದು 5.6% ಜನರಿಗೆ. ಉಳಿದವರಿಗೆ ಕೆಲವು ವಾರ ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ಸಿಟ್ಟು ಜಾಸ್ತಿ ಆಗುತ್ತದೆ. ಆಮೇಲೆ ನಿಧಾನಕ್ಕೆ ತಿಳಿಯಾಗುತ್ತದೆ. ಮನಸ್ಸಿಗೂ ಗಾಯ ಮಾಯುವ ಗುಣ ಇದೆ. ನಾವು ಮಾಡಬೇಕಾದ ಮೊದಲ ಕೆಲಸ ಆ ಗುಣಕ್ಕೆ ಅಡ್ಡ ಬರದೇ ಇರುವುದು.

ತಜ್ಞರು ಎಡವಿದ್ದೂ ಇಲ್ಲೇ.

1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಅನ್ನುವವರು ಒಂದು ಪದ್ಧತಿ ಬರೆದರು. ಮುಂಚೆ ಅಗ್ನಿಶಾಮಕ ದಳದಲ್ಲಿ ಕೆಲಸ ಮಾಡಿದವರು ಅವರು. ತಮ್ಮಂಥ ಸಿಬ್ಬಂದಿಗಾಗಿ ಮಾಡಿದ ಪದ್ಧತಿ ಅದು. ಘಟನೆ ನಡೆದ ಎರಡು ಮೂರು ದಿನದೊಳಗೆ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸುವುದು. ಏನು ನೋಡಿದಿರಿ, ಏನು ಅನಿಸಿತು, ಯಾವುದು ಎಲ್ಲಕ್ಕಿಂತ ಭಯಾನಕ ಅಂತ ಏಳು ಹಂತದಲ್ಲಿ ಹೊರಗೆ ತೆಗೆಸುವುದು. ಡಿಬ್ರೀಫಿಂಗ್ ಅಂತ ಕರೆದರು. ಕೇಳಲಿಕ್ಕೆ ಸರಿಯಾಗಿಯೇ ಇದೆ, ಅಲ್ವಾ? ಜಗತ್ತಿನ ತುಂಬ ಹರಡಿತು. ಬ್ಯಾಂಕ್ ದರೋಡೆಯಾದರೆ ಡಿಬ್ರೀಫಿಂಗ್, ಬಸ್ ಉರುಳಿದರೆ ಡಿಬ್ರೀಫಿಂಗ್. ಸಿಬ್ಬಂದಿಯ ಗುಂಪಿಗೆ ಅಂತ ಮಾಡಿದ್ದನ್ನು ಗಾಯಗೊಂಡು ಮಂಚದ ಮೇಲೆ ಮಲಗಿದ ಒಬ್ಬೊಬ್ಬರಿಗೂ ಮಾಡತೊಡಗಿದರು.

ಆಮೇಲೆ ಯಾರೋ ಲೆಕ್ಕ ಹಾಕಿದರು. ಬ್ರಿಟನ್ನಿನಲ್ಲಿ ಸುಟ್ಟ ಗಾಯದ ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಡಿಬ್ರೀಫಿಂಗ್, ಇನ್ನೊಂದಕ್ಕೆ ಏನೂ ಇಲ್ಲ. 13 ತಿಂಗಳ ನಂತರ ನೋಡಿದರೆ, ಏನೂ ಮಾಡದವರಲ್ಲಿ 9% ಜನರಿಗೆ ಪಿಟಿಎಸ್‌ಡಿ ಇತ್ತು. ಡಿಬ್ರೀಫಿಂಗ್ ಆದವರಲ್ಲಿ 26%. ಇದು 1997ರಲ್ಲಿ ಪ್ರಕಟವಾಯಿತು. ಡಿಬ್ರೀಫಿಂಗ್ ಪಡೆದವರ ಸುಟ್ಟ ಗಾಯವೇ ಸ್ವಲ್ಪ ಜಾಸ್ತಿ ಇತ್ತು ಅನ್ನುವ ತಕರಾರು ಇದೆ, ಅದು ನ್ಯಾಯವಾದ ತಕರಾರು. ಆದರೆ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡಿದಾಗಲೂ ಒಂದೇ ಸಲ ಕೂರಿಸಿ ಎಲ್ಲ ಹೊರಗೆ ತೆಗೆಸುವುದರಿಂದ ಪಿಟಿಎಸ್‌ಡಿ ತಪ್ಪುತ್ತದೆ ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಈಗ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಾಡಬೇಡಿ ಅಂತಲೇ ಹೇಳುತ್ತದೆ.

ಯಾಕೆ ಹೀಗೆ? ಹೆಪ್ಪುಗಟ್ಟುತ್ತಿರುವ ಗಾಯದ ಹಕ್ಕಳೆ ಕಿತ್ತಂತೆ ಅದು. ಮೈ ಇನ್ನೂ ಗಡಗಡ ಅನ್ನುತ್ತಿರುವಾಗ ಅದೇ ಚಿತ್ರವನ್ನು ಮತ್ತೆ ಎಳೆದು ತಂದರೆ ಗಂಟೆ ಮತ್ತೆ ಬಾರಿಸುತ್ತದೆ. ಗುಂಪಿನಲ್ಲಾದರೆ ಇನ್ನೊಂದು ತೊಂದರೆ. ನಾನು ನೋಡದೇ ಇದ್ದದ್ದನ್ನು ಪಕ್ಕದವನು ನೋಡಿರುತ್ತಾನೆ. ಅವನು ಹೇಳಿದ್ದು ಈಗ ನನ್ನ ಕಣ್ಣಿಗೂ ಕಟ್ಟುತ್ತದೆ.

ಹಾಗಾದರೆ ಮೊದಲ ವಾರ ಏನು ಮಾಡಬೇಕು? ಉತ್ತರ ಬಹಳ ಸಪ್ಪೆಯಾಗಿದೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಕೈಪಿಡಿ ಇದಕ್ಕೆ ಮನಸ್ಸಿನ ಪ್ರಥಮ ಚಿಕಿತ್ಸೆ ಅನ್ನುತ್ತದೆ. ನೋಡು, ಕೇಳು, ಕೂಡಿಸು, ಮೂರೇ ಮಾತು. ಯಾರಿಗೆ ತುರ್ತು ಇದೆ ಅಂತ ನೋಡು. ಅವರಾಗಿ ಹೇಳಿದ್ದನ್ನು ಕೇಳು. ಬೇಕಾದವರ ಜೊತೆ, ಬೇಕಾದ ಕಡೆಗೆ ಕೂಡಿಸು. ಒಣ ಬಟ್ಟೆ, ಬಿಸಿ ಚಹಾ, ಬಿಪಿ ಮಾತ್ರೆ, ಮಗನಿಗೆ ಹಚ್ಚಿಕೊಡಲು ಒಂದು ಫೋನ್. ಎಮ್ಮೆ ಹುಡುಕಲು ಒಬ್ಬ ಹುಡುಗ. ಹೌದು, ಎಮ್ಮೆ ಹುಡುಕುವುದೂ ಮನಸ್ಸಿನ ಚಿಕಿತ್ಸೆಯೇ. ಆಯಿ ನನಗೆ ಅದನ್ನು ನೇರವಾಗಿ ಹೇಳಿದ್ದಳು. ನನಗೆ ಕೇಳಿಸಿದ್ದು ಆಕೆಯ ಕತೆ ಮಾತ್ರ.

ಗುಂಪು ಅನ್ನುವುದು ಇದೆಲ್ಲ ಆದ ಮೇಲಿನ ಮಾತು. ನೀರು ಇಳಿದು, ಜನ ಊರಿಗೆ ಮರಳಿ, ಕೆಸರು ಬಳಿದು ಹಾಕಿ, ಪಂಚನಾಮೆಯವರು ಬಂದು ಹೋದ ಮೇಲೆ. ನೋಡಲು ಬರುವವರು ಆಗ ನಿಂತುಹೋಗಿರುತ್ತಾರೆ. ಕೈಗೆ ಕೆಲಸ ಕಡಿಮೆ ಆಗಿರುತ್ತದೆ. ರಾತ್ರಿ ಉದ್ದವಾಗುವುದು ಆಗಲೇ.

ಒಂದೂವರೆ ತಿಂಗಳ ಮೇಲೆ ನಾನು ಶಾಲಾ ಮಕ್ಕಳ ನೋಟ್‌ಬುಕ್ ಕೊಡಲು ಅದೇ ಕಡೆ ಹೋದಾಗ ಹನಮಪ್ಪನ ಗುಡಿಯ ಪೌಳಿಯಲ್ಲಿ ಒಂಬತ್ತು ಹತ್ತು ಜನ ಹೆಣ್ಣುಮಕ್ಕಳು ಸುತ್ತ ಕೂತಿದ್ದರು. ಕೆಳಗೆ ಜಮಖಾನ. ನಡುವೆ ಒಂದು ಕೊಡ ನೀರು, ಎರಡು ಲೋಟ. ನಡೆಸುತ್ತಿದ್ದ ಹುಡುಗಿ ಆಪ್ತಸಮಾಲೋಚನೆಯ ತರಬೇತಿ ಪಡೆದವಳು. ಜೊತೆಗೆ ಊರಿನ ಆಶಾ ಕಾರ್ಯಕರ್ತೆ. ನನ್ನನ್ನು ಕಂಡ ಕೂಡಲೇ ಆ ಹುಡುಗಿ ಎದ್ದು ಬಂದು, "ಸರ್, ನೀವು ಆ ಕಡೆ ಕಟ್ಟಿ ಮ್ಯಾಲೆ ಕುಂದರ್ರಿ" ಅಂದಳು. ಫೋಟೋ ತೆಗೆಯಬೇಡಿ ಅಂತಲೂ ಹೇಳಿದಳು. ನನ್ನ ಕೈಯಲ್ಲಿ ಮೊಬೈಲ್ ಇತ್ತು. ಸ್ವಲ್ಪ ನಾಚಿಕೆಯಾಯಿತು.

ಒಳಗೆ ಏನು ನಡೆಯಿತು ಅಂತ ನನಗೆ ಗೊತ್ತಾದದ್ದು ಮುಂದಿನ ಸಲ ಹೋದಾಗ, ಆಯಿ ತಾನಾಗಿ ಹೇಳಿದಾಗ. ಅವತ್ತು ರಾತ್ರಿ ಓಣಿಯವರು ಆಕೆಯನ್ನು ಎಳೆದುಕೊಂಡು ಓಡುವಾಗ ಎಮ್ಮೆ ಗೂಟಕ್ಕೆ ಕಟ್ಟಿಯೇ ಇತ್ತು. ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಕಣ್ಣಿ ಬಿಚ್ಚಿದ್ದರೆ ಈಜಿ ಬದುಕುತ್ತಿತ್ತು. ಬಿಚ್ಚಲಿಲ್ಲ. ನನಗೆ, ಟೀವಿಯವರಿಗೆ, ಕಾಲೇಜು ಹುಡುಗರಿಗೆ ಹೇಳಿದ ಕತೆಯಲ್ಲಿ ಇದು ಇರಲೇ ಇಲ್ಲ. ಎಮ್ಮೆ "ಎಲ್ಲಿ ಹೋತು" ಅಂತ ಕೇಳಿದ್ದಳು, ಅಷ್ಟೇ. ಮಗನಿಗೂ ಹೇಳಿರಲಿಲ್ಲ. ಗುಡಿಯ ಪೌಳಿಯಲ್ಲಿ ಮೂರನೇ ವಾರ ಹೇಳಿದಳು.

"ಯಾಕ ಅಲ್ಲಿ ಹೇಳಿದ್ರಿ?" ಅಂದೆ.

"ಮದ್ಲ ಇನ್ನೊಬ್ಬಾಕಿ ಹೇಳಿದ್ಲು. ಆಕಿನೂ ನನ್ನಂಗ ಒಂದು ಬಿಟ್ಟು ಬಂದಿದ್ಲು."

ಏನು ಬಿಟ್ಟು ಬಂದಿದ್ದಳು ಅಂತ ಕೇಳಿದೆ. ಹವ್ಯಾಸ ಬಿಡುವುದಿಲ್ಲ ನೋಡಿ.

"ಅದು ಆಕಿ ಮಾತು. ಆಕೀನ್ನ ಕೇಳು. ನನ್ನದು ಬೇಕಾರ ಬರಕೋ."

ಗುಂಪು ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಹೆಚ್ಚುಕಡಿಮೆ ಈ ಎರಡು ಮೂರು ಮಾತಿನಲ್ಲೇ ಇದೆ. ಬದುಕಿ ಉಳಿದವರನ್ನು ಭಯಕ್ಕಿಂತ ಜಾಸ್ತಿ ತಿನ್ನುವುದು ತಪ್ಪಿನ ಭಾವ. ನಾನು ಅವನನ್ನು ಅಂಗಡಿಗೆ ಕಳಿಸಬಾರದಿತ್ತು. ನಾನು ಆ ಗಾಡಿಯಲ್ಲಿ ಸೀಟು ಬಿಟ್ಟುಕೊಡಬಾರದಿತ್ತು. ಇದಕ್ಕೆ ಡಾಕ್ಟರು "ನಿಮ್ಮದೇನೂ ತಪ್ಪಿಲ್ಲ" ಅಂದರೆ, ಹ್ಞೂಂ ಅಂದು ಬರುತ್ತಾರೆ, ಒಳಗೆ ಇಳಿಯುವುದಿಲ್ಲ. ಅವರಿಗೇನು ಗೊತ್ತು, ಅಲ್ಲಿ ಇದ್ದರಾ? ಆದರೆ ಅಲ್ಲೇ ಇದ್ದ ಇನ್ನೊಬ್ಬಳು ತನ್ನ ತಪ್ಪು ಹೇಳಿಕೊಂಡಾಗ, ಇವಳಿಗೇ ಗೊತ್ತಿಲ್ಲದೆ ಬಾಯಿಂದ ಬರುತ್ತದೆ: "ಅಯ್ಯ, ನೀ ಏನ್ ಮಾಡಾಕ ಬರತಿತ್ತಬೇ ಆ ಕತ್ತಲದಾಗ?" ಬೇರೆಯವರಿಗೆ ಹೇಳಿದ ಆ ಮಾತು ತಿರುಗಿ ತನ್ನ ಕಿವಿಗೂ ಬೀಳುತ್ತದೆ. ಗುಂಪು ಚಿಕಿತ್ಸೆಯ ಬಗ್ಗೆ ದೊಡ್ಡ ಪುಸ್ತಕ ಬರೆದ ಇರ್ವಿನ್ ಯಾಲಮ್ ಇಂಥ ಹನ್ನೊಂದು ಅಂಶಗಳನ್ನು ಗುರುತಿಸಿದ್ದಾರೆ. ನನ್ನ ಮಟ್ಟಿಗೆ ಎರಡು ಸಾಕು. ನನಗೊಬ್ಬಳಿಗೇ ಹೀಗಾಗಿಲ್ಲ ಅನ್ನುವುದು ಒಂದು. ನಾನೂ ಇನ್ನೊಬ್ಬರಿಗೆ ಉಪಯೋಗಕ್ಕೆ ಬಂದೆ ಅನ್ನುವುದು ಇನ್ನೊಂದು. ಎರಡನೆಯದನ್ನು ಯಾವ ಡಾಕ್ಟರೂ ಚೀಟಿಯಲ್ಲಿ ಬರೆದುಕೊಡಲು ಬರುವುದಿಲ್ಲ.

ಇನ್ನು ಒಳಗೆ ನಡೆಯುವ ಕೆಲಸ. ಇದು ಸುಮ್ನೆ ಕೂತು ಅಳುವ ಸಭೆ ಅಂತ ಬಹಳ ಜನ ತಿಳಿದಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪಿಎಂ ಪ್ಲಸ್ (ಪ್ರಾಬ್ಲಮ್ ಮ್ಯಾನೇಜ್‌ಮೆಂಟ್ ಪ್ಲಸ್, ಅಂದರೆ ಕಷ್ಟ ನಿಭಾಯಿಸುವುದು) ಅನ್ನುವ ಪದ್ಧತಿಯಲ್ಲಿ ಗುಂಪು ಐದು ವಾರ, ವಾರಕ್ಕೊಮ್ಮೆ ಎರಡು ಮೂರು ತಾಸು ಸೇರುತ್ತದೆ. ಎಂಟು ಹತ್ತು ಜನ, ಅದಕ್ಕಿಂತ ಜಾಸ್ತಿಯಾದರೆ ಮಾತು ಸಿಗದವರು ಮೂಲೆ ಹಿಡಿಯುತ್ತಾರೆ. ಮೊದಲ ದಿನ ನಿಯಮಗಳು. ಇಲ್ಲಿ ಕೇಳಿದ್ದು ಇಲ್ಲೇ. ಮಾತಾಡದೇ ಕೂತರೂ ನಡೆಯುತ್ತದೆ. ಯಾರೂ ಯಾರಿಗೂ ಬುದ್ಧಿ ಹೇಳುವಂತಿಲ್ಲ. ನಮ್ಮವರಿಗೆ ಈ ಕೊನೆಯದೇ ಬಹಳ ಕಷ್ಟ. "ಹಂಗೆಲ್ಲ ವಿಚಾರ ಮಾಡಬಾರ್ದು, ದೇವರಿದ್ದಾನ" ಅಂತ ಯಾರಾದರೂ ಶುರು ಮಾಡಿಯೇ ಮಾಡುತ್ತಾರೆ. ಆಗ ನಡೆಸುವವರು ನಯವಾಗಿ ತಡೆದು, "ನಿಮಗ ಹಂಗಾದಾಗ ನೀವೇನ್ ಮಾಡಿದ್ರಿ, ಅದನ್ನ ಹೇಳ್ರಿ" ಅಂತ ತಿರುಗಿಸಬೇಕು.

ಆಮೇಲೆ ಉಸಿರು. ಹೊಟ್ಟೆಯಿಂದ ನಿಧಾನಕ್ಕೆ ಒಳಗೆ, ನಿಧಾನಕ್ಕೆ ಹೊರಗೆ. ಉಸಿರು ನಿಧಾನವಾದರೆ ಎದೆಬಡಿತವೂ ತಗ್ಗುತ್ತದೆ, ಮೈಗೆ ಅಪಾಯ ಮುಗಿಯಿತು ಅನ್ನುವ ಸುದ್ದಿ ಮುಟ್ಟುತ್ತದೆ. ಹೆಣ್ಣುಮಕ್ಕಳು ಮೊದಲ ಸಲ ನಗುತ್ತಾರೆ, ಪರವಾಗಿಲ್ಲ, ನಗುವೂ ಉಸಿರೇ. ಎರಡನೇ ವಾರ ಕಷ್ಟಗಳ ವಿಂಗಡಣೆ. ಕೈಲಿ ಆಗುವಂಥದ್ದು ಯಾವುದು, ಆಗದ್ದು ಯಾವುದು. ಹೋದ ಜೀವ ತರಲು ಆಗುವುದಿಲ್ಲ. ಕೊಚ್ಚಿಹೋದ ರೇಷನ್ ಕಾರ್ಡು ಮತ್ತೆ ಮಾಡಿಸಬಹುದು. ಯಾವ ಕಚೇರಿ, ಯಾವ ದಿನ, ಯಾರ ಜೊತೆ ಹೋಗುವುದು ಅಂತ ಅಲ್ಲೇ ಗೊತ್ತುಮಾಡುತ್ತಾರೆ. ಮೂರನೆಯದು ನಿಂತುಹೋದ ಕೆಲಸ ಮತ್ತೆ ಹಿಡಿಯುವುದು. ದೊಡ್ಡದಲ್ಲ. ಅಂಗಳ ಸಾರಿಸಿ ರಂಗೋಲಿ ಹಾಕುವುದು, ಸಂತೆಗೆ ಹೋಗಿ ಬರುವುದು. ಮನಸ್ಸು ಸರಿಯಾದ ಮೇಲೆ ಕೆಲಸ ಮಾಡುತ್ತೇನೆ ಅಂತ ಕಾದರೆ ಮನಸ್ಸು ಸರಿಯಾಗುವುದೇ ಇಲ್ಲ, ಕೈ ಮೊದಲು ಹೋಗಬೇಕು ಅನ್ನುವುದು ಇದರ ಹಿಂದಿನ ಲೆಕ್ಕ. ನಾಲ್ಕನೇ ವಾರ ಯಾರ ಹತ್ತಿರ ಸಹಾಯ ಕೇಳಬಹುದು ಅನ್ನುವುದು, ಐದನೆಯದು ಮುಂದಿನ ದಾರಿ.

ಗಮನಿಸಿದಿರಾ? ಐದು ವಾರದಲ್ಲಿ ಎಲ್ಲೂ "ಅವತ್ತು ರಾತ್ರಿ ಏನಾಯಿತು ಹೇಳಿ" ಅನ್ನುವ ಪಾಠ ಇಲ್ಲ. ಹೇಳುವವರು ಹೇಳುತ್ತಾರೆ. ಆಯಿ ಹೇಳಿದಳು. ಹೇಳದವರು ಉಸಿರಾಡಿ, ರೇಷನ್ ಕಾರ್ಡಿನ ಮಾತಾಡಿ ಎದ್ದು ಹೋಗುತ್ತಾರೆ. ಅವರಿಗೂ ಉಪಯೋಗ ಆಗಿರುತ್ತದೆ.

ಪಾಕಿಸ್ತಾನದ ಸ್ವಾತ್ ಕಣಿವೆಯಲ್ಲಿ, ಗಲಭೆಯಿಂದ ನೊಂದ ಹಳ್ಳಿಗಳ 612 ಹೆಣ್ಣುಮಕ್ಕಳ ಮೇಲೆ ಈ ಗುಂಪು ಪದ್ಧತಿಯನ್ನು ಪರೀಕ್ಷೆ ಮಾಡಿದರು. ಫಲಿತಾಂಶ 2019ರಲ್ಲಿ ಬಂತು, ಚಿಂತೆಯೂ ಖಿನ್ನತೆಯೂ ಇಳಿದಿದ್ದವು. ನಡೆಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಅಲ್ಲಿನ ಹೆಣ್ಣುಮಕ್ಕಳು. ಅದಕ್ಕಿಂತ ಮುಂಚೆ, 2003ರಲ್ಲಿ ಪ್ರಕಟವಾದ ಉಗಾಂಡದ ಅಧ್ಯಯನ ನನಗೆ ಇನ್ನೂ ಹಿಡಿಸುತ್ತದೆ. ಏಡ್ಸ್‌ನಿಂದ ಮನೆಮನೆಯಲ್ಲೂ ಸಾವು ಕಂಡ 30 ಹಳ್ಳಿಗಳು. ಖಿನ್ನತೆ ಅನ್ನುವ ಪದ ಅಲ್ಲಿನವರ ಆಡುಮಾತಿನದ್ದಲ್ಲ. ಸಂಶೋಧಕರು ಮೊದಲು ಹಳ್ಳಿಗರನ್ನು ಕೇಳಿದರು, ನೀವು ಇದಕ್ಕೆ ಏನನ್ನುತ್ತೀರಿ ಅಂತ. ಎರಡು ಹೆಸರು ಸಿಕ್ಕವು. ಒಂದರ ಅರ್ಥ ತನ್ನನ್ನು ತಾನೇ ದ್ವೇಷಿಸುವುದು, ಇನ್ನೊಂದರದ್ದು ತನಗೆ ತಾನೇ ಮರುಗುವುದು. ಆ ಹೆಸರುಗಳನ್ನೇ ಇಟ್ಟುಕೊಂಡು, ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ ಗುಂಪು ಮಾಡಿ 16 ವಾರ ಕೂತರು. ಕೊನೆಗೆ ಗುಂಪಿನಲ್ಲಿ ಕೂತವರಲ್ಲಿ ಖಿನ್ನತೆ ಉಳಿದದ್ದು 6.5% ಜನರಿಗೆ. ಕೂರದವರಲ್ಲಿ 54.7%. ನಮ್ಮಲ್ಲೂ "ನಿಮಗೆ ಖಿನ್ನತೆ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. "ಮನಸ್ಸಿಗೆ ಹಚ್ಚಿಕೊಂಡೀರೇನು" ಅಂದರೆ ಕಣ್ಣಲ್ಲಿ ನೀರು ಬರುತ್ತದೆ.

ಇದೆಲ್ಲ ಹೊರಗಿಂದ ಬರಬೇಕಾ, ನಮ್ಮಲ್ಲಿ ಮೊದಲೇ ಇರಲಿಲ್ಲವಾ ಅಂತ ನೀವು ಕೇಳಬಹುದು. ಇತ್ತು, ಇದೆ. ಸಾವಾದ ಮನೆಯಲ್ಲಿ ಒಲೆ ಹೊತ್ತುವುದಿಲ್ಲ, ಓಣಿಯವರು ರೊಟ್ಟಿ ಪಲ್ಯ ತರುತ್ತಾರೆ. ಮಾತಾಡಿಸಿಕೊಂಡು ಬರುವುದು ಅಂತ ನೆಂಟರು ದಿನಗಟ್ಟಲೆ ಬರುತ್ತಾರೆ. ಹೆಣ್ಣುಮಕ್ಕಳು ಒಬ್ಬರ ಹೆಗಲಿಗೆ ಒಬ್ಬರು ಬಿದ್ದು ಹಾಡ್ಯಾಡಿ ಅಳುತ್ತಾರೆ. ಹೋದವರು ಏನು ತಿನ್ನುತ್ತಿದ್ದರು, ಯಾವ ಸೀರೆ ತಂದಿದ್ದರು ಅಂತ ಎಲ್ಲವೂ ಆ ಹಾಡಿನಲ್ಲಿ ಬರುತ್ತದೆ. ಹಳ್ಳಿಯ ಮೊಹರಮ್ಮಿನಲ್ಲಿ ರಿವಾಯತ್ ಪದ ಹಾಡುವಾಗ ಹಿಂದೂ ಮುಸ್ಲಿಂ ಅನ್ನದೆ ಊರೇ ಒಂದು ದುಃಖಕ್ಕೆ ದನಿ ಕೂಡಿಸುತ್ತದೆ. ಇವು ಕಡಿಮೆ ಬಲದವಲ್ಲ. ಆದರೆ ಒಂದು ಮಿತಿ ಇದೆ. ಈ ಪದ್ಧತಿಗಳು ಒಂದು ಮನೆಯ ಸಾವಿಗೆ ಸುತ್ತಲಿನ ಹತ್ತು ಮನೆ ನಿಲ್ಲುವಂಥವು. ಹತ್ತು ಮನೆಗೂ ಒಂದೇ ದಿನ ಬಡಿದರೆ ರೊಟ್ಟಿ ತರುವವರು ಯಾರು? ಇನ್ನೊಂದು, ಗಂಡಸರಿಗೆ ಅಲ್ಲಿ ಅಳುವ ಜಾಗ ಇಲ್ಲ. ಅವರು ಹೊರಗೆ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಾರೆ. ಸಂಜೆಗೆ ಸಾರಾಯಿ.

2009ರ ಪ್ರವಾಹದಲ್ಲಿ ಇನ್ನೊಂದು ಪಾಠ ಸಿಕ್ಕಿತು. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಆ ಮಳೆ ಉತ್ತರ ಕರ್ನಾಟಕದ ಹಳ್ಳಿಗಳನ್ನೇ ಕರಗಿಸಿತು. ಮಣ್ಣಿನ ಮನೆಗಳು, ಮೇಲ್ಮುದ್ದೆ ಮನೆಗಳು. ಆಮೇಲೆ ಆಸರೆ ಅಂತ ಹೊಸ ಮನೆ ಕಟ್ಟಿಕೊಟ್ಟರು. ಸಾಲಾಗಿ, ನೆಟ್ಟಗೆ. ಎಷ್ಟೋ ಊರಲ್ಲಿ ಜನ ಅಲ್ಲಿಗೆ ಹೋಗಲಿಲ್ಲ, ಹೋದವರೂ ಮರಳಿದರು. ಹೊಲ ದೂರ, ದನ ಕಟ್ಟಲು ಜಾಗ ಇಲ್ಲ ಅನ್ನುವುದು ನಿಜ. ಅದರ ಜೊತೆಗೆ ಓಣಿ ಒಡೆದುಹೋಗಿತ್ತು. ಮೊದಲು ಪಕ್ಕದಲ್ಲಿದ್ದವಳು ಈಗ ನಾಲ್ಕನೇ ಸಾಲಿನಲ್ಲಿ. ಅದೇ 2009ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ದುರಂತದ ನಂತರದ ಮಾನಸಿಕ ಆಸರೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 1984ರ ಭೋಪಾಲ್, 1993ರ ಲಾತೂರು, 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಇಷ್ಟರ ಅನುಭವ ಅದರ ಹಿಂದಿದೆ. ಇದರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನ ಪಾಲು ದೊಡ್ಡದು. ಊರಿನವರಿಗೇ ತರಬೇತಿ ಕೊಟ್ಟು ಊರಿನ ಕೆಲಸ ಅವರಿಂದಲೇ ಮಾಡಿಸುವ ದಾರಿ ಹಾಕಿಕೊಟ್ಟವರು ಅವರು.

ಗುಂಪು ಎಲ್ಲರಿಗೂ ಅಲ್ಲ, ಇದನ್ನು ಒತ್ತಿ ಹೇಳಬೇಕು. ಸಾಯುವ ವಿಚಾರ ಬರುತ್ತಿರುವವರನ್ನು ಗುಂಪಿನಲ್ಲಿ ಕೂರಿಸಿ ಸುಮ್ಮನಾಗಬಾರದು, ಅವರಿಗೆ ಅವತ್ತೇ ಡಾಕ್ಟರು ಬೇಕು. ಲೈಂಗಿಕ ದೌರ್ಜನ್ಯ ಆದವರನ್ನು ಅವರದೇ ಊರಿನ ಗುಂಪಿಗೆ ಕರೆಯುವುದು ಅಪಾಯ. ನಿಯಮ ಎಷ್ಟೇ ಇರಲಿ, ಊರು ಊರೇ. ಮಾಲೀಕನನ್ನೂ ಕೂಲಿಯವನನ್ನೂ, ಸಾಲ ಕೊಟ್ಟವನನ್ನೂ ತೆಗೆದುಕೊಂಡವನನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದರೆ ಮಾತು ಹೊರಡುವುದಿಲ್ಲ. ಪರಿಹಾರದ ಚೆಕ್ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರದೇ ಇದ್ದರೆ ಎಂಥ ಗುಂಪೂ ಆ ವಾರ ಒಡೆಯುತ್ತದೆ. ಘಟನೆ ಆಗಿ ತಿಂಗಳು ದಾಟಿದರೂ ಅದೇ ದೃಶ್ಯ ಕಣ್ಣ ಮುಂದೆ ಕುಣಿಯುತ್ತಿದ್ದರೆ, ಆ ದಾರಿ ಆ ಜಾಗದ ಕಡೆ ಕಾಲಿಡಲು ಆಗದಿದ್ದರೆ, ಅದು ಪಿಟಿಎಸ್‌ಡಿ ಇರಬಹುದು. ಅದಕ್ಕೆ ತರಬೇತಾದವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾಡುವ ಚಿಕಿತ್ಸೆಗೇ ಗಟ್ಟಿ ಪುರಾವೆ ಇದೆ. ಅಲ್ಲಿ ಆ ನೆನಪನ್ನು ಮತ್ತೆ ಎದುರಿಸುವುದೂ ಇರುತ್ತದೆ. ಆದರೆ ಮೊದಲು ತಯಾರಿ ಮಾಡಿ, ರೋಗಿಯ ಕೈಯಲ್ಲೇ ಲಗಾಮು ಕೊಟ್ಟು.

ಯಾರೂ ಕರೆಯದ ಒಂದು ಗುಂಪಿದೆ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಎರಡು ದಿನ ಕಳೆದ ಮೇಲೂ ಜೀವಂತ ಹೊರಬಂದವರಿದ್ದರು. ಆ ದಿನಗಳಲ್ಲಿ ಅಲ್ಲಿ ಅಗ್ನಿಶಾಮಕದವರು, ಎನ್‌ಡಿಆರ್‌ಎಫ್‌ನವರು, ಪೊಲೀಸರು, 108ರ ಸಿಬ್ಬಂದಿ ಇದ್ದರು. ಅವರಿಗಾದರೂ ಇಲಾಖೆ ಅಂತ ಒಂದಿದೆ. ಇಂಥ ಕಡೆ ಜೆಸಿಬಿ ನಡೆಸುವವನ ಬಗ್ಗೆ ಯೋಚಿಸಿ. ದಿನವೂ ಕಾಲುವೆ ಅಗೆಯುವ ಕೈ ಅದು. ಇಲ್ಲಿ ಬಕೆಟ್ಟು ಒಂದು ಗೇಣು ಜಾಸ್ತಿ ಇಳಿದರೆ ಕೆಳಗೆ ಯಾರಿದ್ದಾರೋ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ಬಾಡಿಗೆ ಕೊಟ್ಟು ಕಳಿಸುತ್ತಾರೆ. ಮರುದಿನ ಇನ್ನೆಲ್ಲೋ ಕಾಲುವೆ. ಅಂಥವರು ನಾಲ್ಕು ಜನ ಒಂದು ಕಡೆ ಕೂತು ಚಹಾ ಕುಡಿಯುವ ಏರ್ಪಾಡು ಮಾಡಿದರೂ ದೊಡ್ಡದೇ.

ಎಲ್ಲಿ ಹೋಗಬೇಕು ಅನ್ನುವುದು ಚುಟುಕಾಗಿ. ಧಾರವಾಡದ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು, ಈಗ ಡಿಮ್ಹಾನ್ಸ್. "ನಿನ್ನ ಧಾರವಾಡಕ್ಕ ಸೇರಿಸಬೇಕು" ಅಂತ ನಮ್ಮ ಕಡೆ ಹಾಸ್ಯ ಮಾಡುತ್ತಾರಲ್ಲ, ಆ ಹಾಸ್ಯದಿಂದಲೇ ಎಷ್ಟೋ ಜನ ಅದರ ಗೇಟಿನ ತನಕ ಬಂದು ವಾಪಸ್ ಹೋಗಿದ್ದಾರೆ. ಅಲ್ಲಿನ ತನಕ ಹೋಗಲು ಮನಸ್ಸಿಲ್ಲದವರಿಗೆ ಗದಗ, ಹಾವೇರಿ ಎಲ್ಲ ಕಡೆ ಜಿಲ್ಲಾ ಮಾನಸಿಕ ಆರೋಗ್ಯ ತಂಡ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅಂತ ಮಂಗಳವಾರದ ಕ್ಲಿನಿಕ್ ಇದೆ, ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಗೆ ಕೇಳಿದರೆ ಹೇಳುತ್ತಾರೆ. ಫೋನಿನಲ್ಲಾದರೆ ಟೆಲಿ ಮನಸ್, 14416. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದುಡ್ಡು ಬೀಳುವುದಿಲ್ಲ, ರಾತ್ರಿಯೂ ಹತ್ತುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಒಳ್ಳೆಯ ಗುಂಪು ಮುಗಿಯುವ ದಿನ ಮುಂದಿನ ವರ್ಷದ ಮಾತು ಬರುತ್ತದೆ. ಆ ತಾರೀಖು ಮತ್ತೆ ಬರುತ್ತದೆ, ಆಗಸ್ಟ್ ಬರುತ್ತದೆ, ಡ್ಯಾಮಿನಿಂದ ನೀರು ಬಿಡುತ್ತಾರೆ ಅಂತ ವಾಟ್ಸಾಪಿನಲ್ಲಿ ಸುದ್ದಿ ಹರಿದಾಡುತ್ತದೆ. ಅವತ್ತು ನಿದ್ದೆ ಬರುವುದಿಲ್ಲ, ಎದೆ ಝಲ್ ಅನ್ನುತ್ತದೆ. ಕಾಯಿಲೆ ಮರಳಿತು ಅಂತ ಹೆದರಬೇಡಿ, ಅದು ಹಾಗೆಯೇ ಅಂತ ಮೊದಲೇ ಹೇಳಿಡುತ್ತಾರೆ. ಜೊತೆಗೆ ಒಂದು ಹಾಳೆ ಬರೆಸುತ್ತಾರೆ. ನೀರಿನ ಸುದ್ದಿ ಬಂದರೆ ಯಾರು ಯಾರಿಗೆ ಫೋನ್ ಮಾಡುವುದು. ಆಧಾರ್, ಪಾಸ್‌ಬುಕ್ಕು ಯಾವ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲಿ ತೂಗುಹಾಕುವುದು. ಒಬ್ಬರೇ ಇರುವ ಮುದುಕರನ್ನು ಯಾರ ಮನೆಯ ಹುಡುಗ ಎಬ್ಬಿಸುವುದು. ಆಯಿಯ ಗುಂಪಿನ ಹಾಳೆಯನ್ನು ನಾನು ನೋಡಿದೆ, ಆಕೆಯೇ ತೋರಿಸಿದಳು. ಓದಲು ಬರುವುದಿಲ್ಲ ಆಕೆಗೆ. ಆದರೆ ಕೊನೆಯ ಸಾಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿದಳು. ಓಣಿಯ ಎಲ್ಲ ದನಗಳ ಕಣ್ಣಿ ಬಿಚ್ಚಲು ಇಬ್ಬರು ಹುಡುಗರ ಹೆಸರು ಅಲ್ಲಿ ಬರೆದಿತ್ತು.